4 ವರ್ಷದ ಮಗಳು, 15 ತಿಂಗಳ ಮಗ, ಜೊತೆಗೆ ಅತ್ತೆ: ಏಪ್ರಿಲ್‌ನಲ್ಲಿ ಐದು ದಿನ ಸಿಂಗಾಪುರ, ಹೇಗೆ ಹೊಂದಿಸೋದು?

ಕುವೆಂಪುನಗರ_ಅಮ್ಮ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯ ವಾರ ಸಿಂಗಾಪುರಕ್ಕೆ ಹೋಗೋಣ ಅಂತಿದ್ದೀವಿ. ನಾವಿಬ್ಬರು, ಮಗಳು (4 ವರ್ಷ, 101 ಸೆಂ.ಮೀ.), ಮಗ (15 ತಿಂಗಳು, 10 ಕೆಜಿ), ನಮ್ಮತ್ತೆ (64, ಮಂಡಿನೋವು ಇದೆ). ಎಲ್ಲರೂ ಸಸ್ಯಾಹಾರಿಗಳು. ಟೂರ್ ಪ್ಯಾಕೇಜ್ ಬೇಡ, ಬಸ್ಸಿನವರ ಗಡಿಯಾರಕ್ಕೆ ಮಕ್ಕಳು ಓಡಲ್ಲ.

ಗೊತ್ತಾಗಬೇಕಿರೋದು ಇಷ್ಟು. ಮಗನಿಗೆ ಇನ್ನೂ ಪಾಸ್‌ಪೋರ್ಟ್ ಆಗಿಲ್ಲ, ಏನೇನು ಕಾಗದ ಬೇಕು? ಬೆಂಗಳೂರಿನಿಂದ ರಾತ್ರಿ ವಿಮಾನ ಒಳ್ಳೇದಾ, ಬೆಳಗಿನದಾ? ಹೋಟೆಲ್ಲಾ, ಬಾಡಿಗೆ ಮನೆಯಾ? ಮಗ ರಾಗಿ ಸರಿ, ಮೊಸರನ್ನ ಬಿಟ್ಟರೆ ಬೇರೇನೂ ಮುಟ್ಟಲ್ಲ. ಅಲ್ಲಿ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ ಅಂತಾರೆ, ನಿಜವಾ? ಯೂನಿವರ್ಸಲ್ ಸ್ಟುಡಿಯೋಸ್‌ಗೆ ದುಡ್ಡು ಹಾಕಬಹುದಾ?

ಟಿಕೆಟ್_ರಾಯರು

ಕಾಗದಪತ್ರದಿಂದ ಶುರು ಮಾಡಿ, ತಡವಾಗೋದು ಅಲ್ಲೇ.

1-10-2023ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನ್ಮದಿನಾಂಕದ ದಾಖಲೆ ಅಂದರೆ ಜನನ ಪ್ರಮಾಣಪತ್ರ ಒಂದೇ, ಬೇರೆ ಯಾವುದೂ ನಡೆಯಲ್ಲ. ಅದನ್ನು ಈಗಲೇ ತೆಗೆದು ನೋಡಿ. ನಾಮಕರಣಕ್ಕೆ ಮುಂಚೆಯೇ ಆಸ್ಪತ್ರೆಯವರು ನೋಂದಣಿ ಮಾಡಿಸಿರುತ್ತಾರೆ, ಹೆಸರಿನ ಜಾಗ ಖಾಲಿ ಉಳಿದಿರುತ್ತದೆ. ಹುಟ್ಟಿದ 12 ತಿಂಗಳೊಳಗಾದರೆ ಹೆಸರು ಸೇರಿಸೋದು ಉಚಿತ, ಆಮೇಲೆ ತಡದ ಶುಲ್ಕ. ನಿಮ್ಮ ಮಗನಿಗೆ ಆ ಗಡುವು ಮುಗಿದಿದೆ. ಹೆಸರು ಸೇರದೆ ಅರ್ಜಿ ಮುಂದಕ್ಕೆ ಹೋಗಲ್ಲ.

ಆಮೇಲೆ ಅನೆಕ್ಷರ್ ಡಿ ಅನ್ನೋ ಒಪ್ಪಿಗೆ ಪತ್ರ, ಅಪ್ಪ-ಅಮ್ಮ ಇಬ್ಬರೂ ಸಹಿ ಮಾಡಬೇಕು. ಶುಲ್ಕ 1,000 ರೂಪಾಯಿ, 8 ವರ್ಷದೊಳಗಿನವರ ಹೊಸ ಅರ್ಜಿಗೆ 10% ಕಡಿತ. 4 ವರ್ಷದೊಳಗಿನ ಮಗುವಿನ ಫೋಟೋವನ್ನು ನೀವೇ ಒಯ್ಯಬೇಕು, ಬಿಳಿ ಹಿನ್ನೆಲೆ. ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲೇ ಆಗುತ್ತೆ, ಬೆಂಗಳೂರಿಗೆ ಬರಬೇಕಿಲ್ಲ. ಇನಿಷಿಯಲ್ ಇದ್ದರೆ ಬಿಡಿಸಿ ಬರೆಯಬೇಕು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಟಿಕೆಟ್ಟಿನಲ್ಲೂ ಅಕ್ಷರಶಃ ಹಾಗೇ ಇರಬೇಕು, ಕೈಕೂಸಿನ ಟಿಕೆಟ್ಟಿನಲ್ಲೂ. ಮಕ್ಕಳ ಪಾಸ್‌ಪೋರ್ಟಿಗೆ ಆಯಸ್ಸು 5 ವರ್ಷ ಅಷ್ಟೇ. ಮಗಳದ್ದು ಹುಟ್ಟಿದಾಗಲೇ ಮಾಡಿಸಿದ್ದಾದರೆ ಪ್ರಯಾಣದ ದಿನಕ್ಕೆ ಇನ್ನೂ 6 ತಿಂಗಳು ಉಳಿದಿರುತ್ತಾ ನೋಡಿಕೊಳ್ಳಿ.

ಸಿಂಗಾಪುರ ವೀಸಾಕ್ಕೆ ನೇರವಾಗಿ ಹೋಗೋ ಹಾಗಿಲ್ಲ, ಅಧಿಕೃತ ಏಜೆಂಟರ ಮೂಲಕ, ಫಾರ್ಮ್ 14ಎ. ತಲೆಗೊಂದು ವೀಸಾ, ಕೂಸಿಗೂ. ಸರ್ಕಾರದ ಶುಲ್ಕ 30 ಸಿಂಗಾಪುರ ಡಾಲರ್, ಏಜೆಂಟರದ್ದು ಬೇರೆ. ಅರ್ಜಿ ವಾಪಸ್ ಬರೋದು ಹೆಚ್ಚಾಗಿ ಕೂಸಿನ ಫೋಟೋದಿಂದ: ಕಣ್ಣು ಮುಚ್ಚಿರುತ್ತೆ, ಇಲ್ಲ ಹಿಡಿದುಕೊಂಡವರ ಕೈ ಕಾಣುತ್ತೆ. ಬಿಳಿ ಹಾಸಿಗೆ ಬಟ್ಟೆಯ ಮೇಲೆ ಅಂಗಾತ ಮಲಗಿಸಿ, ಕಿಟಕಿಯ ಬೆಳಕಿನಲ್ಲಿ, ಮೇಲಿನಿಂದ ತೆಗೆಸಿ. ಕೊನೆಯದು ಎಸ್‌ಜಿ ಅರೈವಲ್ ಕಾರ್ಡ್, ಅಂದರೆ ಸಿಂಗಾಪುರಕ್ಕೆ ಬರೋರು ತುಂಬಬೇಕಾದ ಮಾಹಿತಿ ಫಾರ್ಮು. ತಲುಪುವ ದಿನವೂ ಸೇರಿ 3 ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಪೂರ್ತಿ ಉಚಿತ. ದುಡ್ಡು ಕೇಳಿದ ವೆಬ್‌ಸೈಟ್ ಸರ್ಕಾರದ್ದಲ್ಲ ಅಂತಲೇ ತಿಳಿಯಿರಿ.

ವಿಮಾನದ ವಿಷಯದಲ್ಲಿ ನನ್ನ ಓಟು ಬೆಳಗಿನದಕ್ಕೆ. ಹಾರಾಟ ನಾಲ್ಕೂವರೆ ಗಂಟೆ ಮಾತ್ರ, ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ 11ರ ಸುಮಾರಿಗೆ ಹೊರಟರೆ ಅಲ್ಲಿನ ಬೆಳಗ್ಗೆ 6ಕ್ಕೆ ಇಳಿಯುತ್ತೀರಿ, ಮಕ್ಕಳ ಹೊಟ್ಟೆಗೂ ಕಣ್ಣಿಗೂ ಅದು ನಡುರಾತ್ರಿ ಮೂರೂವರೆ. ಹೋಟೆಲ್ ರೂಮು ಸಿಗೋದು ಮಧ್ಯಾಹ್ನ 2 ಅಥವಾ 3ಕ್ಕೆ. ಆ ಎಂಟು ಗಂಟೆ ಸಾಮಾನು, ಮಕ್ಕಳು, ಅತ್ತೆ ಎಲ್ಲರನ್ನೂ ಕಟ್ಟಿಕೊಂಡು ಎಲ್ಲಿರುತ್ತೀರಿ? ರಾತ್ರಿ ಟಿಕೆಟ್ ಅಗ್ಗ ಅಂತ ಕಂಡರೂ ಹಿಂದಿನ ರಾತ್ರಿಯ ರೂಮಿನ ಬಾಡಿಗೆ ಸೇರಿಸಿ ಲೆಕ್ಕ ಹಾಕಿ.

ಮಗನನ್ನು ಮಡಿಲಲ್ಲೇ ಕರೆದೊಯ್ಯಬಹುದು, 2 ವರ್ಷ ತುಂಬುವವರೆಗೆ. ತೊಟ್ಟಿಲು ಬೇಕಾದರೆ ಟಿಕೆಟ್ ಆದ ಕೂಡಲೇ ಫೋನ್ ಮಾಡಿ ಕೇಳಿ. ತೂಕದ ಮಿತಿ ಒಂದೊಂದು ಕಂಪನಿಗೆ ಒಂದೊಂದು, 10 ಕೆಜಿ ಮಗುವಿಗೆ ಕೆಲವರು ಕೊಡಲ್ಲ. ಕೊಟ್ಟರೂ ಬೆಲ್ಟ್ ದೀಪ ಹೊತ್ತಿದಾಗಲೆಲ್ಲ ಮಲಗಿದ ಮಗುವನ್ನು ಎತ್ತಿಕೊಳ್ಳಬೇಕು. ಅದಿರೋದು ಎದುರಿಗೆ ಅಡ್ಡಗೋಡೆ ಇರೋ ಮೊದಲ ಸಾಲಿನಲ್ಲಿ. ಅಲ್ಲಿ ಸೀಟಿನ ಕೈಹಿಡಿ ಮೇಲೇಳಲ್ಲ, ಕಾಲ ಬಳಿ ಚೀಲ ಇಡೋ ಹಾಗಿಲ್ಲ.

ಪುಂಗೋಲ್_ಕನ್ನಡತಿ

ಮನೆ ಬಾಡಿಗೆ ವಿಚಾರ ಕೈಬಿಡಿ. ಇಲ್ಲಿ ಖಾಸಗಿ ಮನೆಯನ್ನು 3 ತಿಂಗಳಿಗಿಂತ ಕಮ್ಮಿ ಅವಧಿಗೆ ಕೊಡೋದು ಕಾನೂನುಬಾಹಿರ, ಸರ್ಕಾರಿ ಎಚ್‌ಡಿಬಿ ಫ್ಲ್ಯಾಟಾದರೆ 6 ತಿಂಗಳು. ಆ್ಯಪಿನಲ್ಲಿ ಕಾಣಿಸುತ್ತೆ ಅಂದ ಮಾತ್ರಕ್ಕೆ ಸಕ್ರಮ ಅಲ್ಲ. ಐದು ದಿನಕ್ಕೂ ಕೊಡೋ, ಹೋಟೆಲ್ ಪರವಾನಗಿ ಇರೋ ಸರ್ವೀಸ್ಡ್ ಅಪಾರ್ಟ್‌ಮೆಂಟ್ ಹುಡುಕಿ, ಅಡುಗೆಗೂ ಒಲೆ ಇರುತ್ತೆ. ಮಾಮೂಲಿ ಹೋಟೆಲ್ ರೂಮಿಗೆ ಐದು ಜನರನ್ನು ಬಿಡಲ್ಲ, ಎರಡು ರೂಮು ತೆಗೆದುಕೊಳ್ಳೋದಾದರೆ ನಡುವೆ ಬಾಗಿಲಿರೋದನ್ನು ಕೇಳಿ.

ಜಾಗ ಲಿಟ್ಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್. ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನು, ಸೆಂತೋಸಾ ದ್ವೀಪಕ್ಕೆ (ಯೂನಿವರ್ಸಲ್ ಇರೋದು ಅಲ್ಲೇ) ಹೋಗುವ ಹಾರ್ಬರ್‌ಫ್ರಂಟ್ ನಿಲ್ದಾಣಕ್ಕೆ ರೈಲು ಬದಲಿಸದೆ ಹೋಗಬಹುದು. ಮಕ್ಕಳ ದೊಡ್ಡ ಆಸ್ಪತ್ರೆ ಕೆಕೆಎಚ್ ಪಕ್ಕದಲ್ಲೇ ಇದೆ, 24 ಗಂಟೆಯ ತುರ್ತು ವಿಭಾಗ ಇದೆ. ಒಂದೇ ಕಿರಿಕಿರಿ ಅಂದರೆ ಅಂಗಡಿ ಮುಂದಿನ ಹಳೇ ಜಗಲಿಗಳಲ್ಲಿ ಹೆಜ್ಜೆಗೊಂದು ಮೆಟ್ಟಿಲು, ಸ್ಟ್ರೋಲರ್ ಎತ್ತಿ ಇಳಿಸಬೇಕು.

ಮಕ್ಕಳ ಸೀಟು ಕಡ್ಡಾಯ ಅನ್ನೋದು ನಿಜ, ಆದರೆ ಅರ್ಧ ನಿಜ. 1.35 ಮೀಟರಿಗಿಂತ ಕುಳ್ಳಗಿರುವವರಿಗೆಲ್ಲ ಕಾರಿನಲ್ಲಿ ಸೀಟು ಅಥವಾ ಬೂಸ್ಟರ್ ಬೇಕೇ ಬೇಕು. ಟ್ಯಾಕ್ಸಿಗೆ ಮಾತ್ರ ವಿನಾಯಿತಿ. ಆ್ಯಪಿನಲ್ಲಿ ಬರುವ ಖಾಸಗಿ ಬಾಡಿಗೆ ಕಾರುಗಳಿಗೆ ವಿನಾಯಿತಿ ಇಲ್ಲ, ಮಕ್ಕಳನ್ನು ನೋಡಿ ಡ್ರೈವರ್ ವಾಪಸ್ ಹೋದರೆ ಜಗಳ ಮಾಡಬೇಡಿ, ದಂಡ ಬೀಳೋದು ಅವರಿಗೆ. ಗ್ರ್ಯಾಬ್ ಅನ್ನೋ ಕಾರಿನ ಆ್ಯಪಿನಲ್ಲಿ ಗ್ರ್ಯಾಬ್‌ಫ್ಯಾಮಿಲಿ ಅಂತ ಸೀಟು ಸಮೇತ ಬರೋದಿದೆ, ಆದರೆ ನಿಮಗೆ ಎರಡು ಅಳತೆಯ ಎರಡು ಸೀಟು ಬೇಕು. ನೀವು ಐದು ಜನ, ಸಾಮಾನ್ಯ ಟ್ಯಾಕ್ಸಿಗೆ ನಾಲ್ಕೇ ಮಿತಿ. ಹಾಗಾಗಿ ಮ್ಯಾಕ್ಸಿಕ್ಯಾಬ್ ಅನ್ನೋ ದೊಡ್ಡ ಟ್ಯಾಕ್ಸಿ ಹಿಡಿಯಿರಿ, ಇಲ್ಲ ಎರಡು ಟ್ಯಾಕ್ಸಿ ಮಾಡಿ.

ರೈಲು, ಬಸ್ಸಿಗೆ ಕಾರ್ಡ್ ಖರೀದಿಸೋದೇನೂ ಬೇಡ, ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ತಾಗಿಸಿದರೆ ಸಾಕು. ಮೂವರು ದೊಡ್ಡವರಿಗೆ ಮೂರು ಬೇರೆ ಕಾರ್ಡ್, ಒಂದನ್ನೇ ಮೂರು ಸಲ ತಾಗಿಸಿದರೆ ಗೇಟು ತೆರೆಯಲ್ಲ. ವಿದೇಶಿ ಬಳಕೆಯನ್ನು ಹೊರಡೋ ಮುಂಚೆಯೇ ಬ್ಯಾಂಕಿನ ಆ್ಯಪಿನಲ್ಲಿ ಆನ್ ಮಾಡಿ. ಮಗನಿಗೆ ಟಿಕೆಟ್ ಇಲ್ಲ. ಮಗಳು 90 ಸೆಂ.ಮೀ. ದಾಟಿರೋದರಿಂದ ಅವಳಿಗೆ ಚೈಲ್ಡ್ ಕನ್ಸೆಷನ್ ಕಾರ್ಡ್ ಮಾಡಿಸಿ, ಪಾಸ್‌ಪೋರ್ಟ್ ತೋರಿಸಬೇಕು, 7 ವರ್ಷದ ಒಳಗಿನವರಿಗೆ ಪ್ರಯಾಣ ಉಚಿತ. ನಿಲ್ದಾಣದ ಗೇಟು ದಾಟಿದ ಮೇಲೆ ತಿನ್ನೋ ಹಾಗಿಲ್ಲ, ಕುಡಿಯೋ ಹಾಗಿಲ್ಲ, ನೀರೂ ಇಲ್ಲ, ದಂಡ 500 ಡಾಲರ್‌ವರೆಗೆ. ಮಕ್ಕಳಿಗೆ ಕುಡಿಸೋದನ್ನೆಲ್ಲ ಹೊರಗೇ ಮುಗಿಸಿ.

ದಾವಣಗೆರೆ_ಬೆಣ್ಣೆ

ಊಟದ ಬಗ್ಗೆ ನಾನು ಹೇಳ್ತೀನಿ.

ಮೊದಲು ಮಸಾಲೆ ಡಬ್ಬಿ ಪರೀಕ್ಷೆ ಮಾಡಿ. ಸಿಂಗಾಪುರದಲ್ಲಿ ಗಸಗಸೆ ನಿಷಿದ್ಧ, ಮಾದಕವಸ್ತು ವಿಭಾಗದವರ ಪಟ್ಟಿಯಲ್ಲಿದೆ. ಬರೀ ಗಸಗಸೆ ಯಾರೂ ಒಯ್ಯಲ್ಲ, ಆದರೆ ಮನೆಯಲ್ಲಿ ಕುಟ್ಟಿದ ಬಿಸಿಬೇಳೆಬಾತ್ ಪುಡಿ, ಸಾಗು ಪುಡಿಯಲ್ಲಿ ಸೇರಿರುತ್ತೆ. ಪುಡಿ ಮಾಡಿದ್ದು ಅತ್ತೆಯವರೇ ಆದರೆ ಅವರನ್ನೇ ಕೇಳಿ. ಚೂಯಿಂಗ್ ಗಮ್ಮೂ ಬೇಡ.

ರಾಗಿ ಸರಿ ಬೇಯಬೇಕು, ಹತ್ತು ನಿಮಿಷ ಕೈಯಾಡಿಸಬೇಕು. ಹೋಟೆಲಿನ ಕೆಟಲ್‌ನಲ್ಲಿ ಹಾಕಿದರೆ ತಳ ಹಿಡಿದು ಕೆಟಲ್ಲೂ ಹೋಗುತ್ತೆ, ಮಗುವಿಗೂ ಅರೆಬೆಂದದ್ದು ಸೇರಿ ಹೊಟ್ಟೆ ಕೆಡುತ್ತೆ. ಒಲೆ ಇಲ್ಲದ ಕಡೆಗೆ ರಾಗಿ ಹುರಿಹಿಟ್ಟು ಒಯ್ಯಿರಿ. ಅದು ಅರಳಿಸಿ ಬೀಸಿದ್ದು, ಬೇಯಿಸೋ ಕೆಲಸವೇ ಇಲ್ಲ, ಬಿಸಿ ಹಾಲಿಗೆ ಕಲಸಿದರೆ ಆಯಿತು. ಆದರೆ ಹೊರಡೋ ಎರಡು ವಾರ ಮುಂಚಿನಿಂದಲೇ ರುಚಿ ಹಿಡಿಸಿ, ಅಲ್ಲಿ ಹೋಗಿ ಹೊಸದು ಕೊಟ್ಟರೆ ಉಗಿಯುತ್ತಾನೆ. ಇನ್ನೊಂದು ತೆಳು ಅವಲಕ್ಕಿ: ಕುದಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟು, ಕಿವುಚಿ, ಆರಿದ ಮೇಲೆ ಮೊಸರು ಬೆರೆಸಿ. ಮೊಸರನ್ನದ ಮಗುವಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಐದು ದಿನಕ್ಕೆ ಹುರಿಹಿಟ್ಟು 250 ಗ್ರಾಂ, ಅವಲಕ್ಕಿ ಅರ್ಧ ಕೆಜಿ ಸಾಕು. ಹಾಲು, ಮೊಸರು ಅಲ್ಲೇ ಕೊಳ್ಳಿ, ನಲ್ಲಿ ನೀರು ಕುಡಿಯಬಹುದು. ಅರ್ಧ ಲೀಟರಿನ ಫ್ಲಾಸ್ಕ್ ಕೈಚೀಲದಲ್ಲಿರಲಿ. ಪ್ಲಗ್ ಅಲ್ಲಿ ಮೂರು ಚಪ್ಪಟೆ ಕಡ್ಡಿಯದು, ನಮ್ಮ ದುಂಡು ಪಿನ್ ಹೋಗಲ್ಲ, ಅಡಾಪ್ಟರ್ ಬೇಕು. ವೋಲ್ಟೇಜ್ ಮಾತ್ರ ನಮ್ಮದೇ 230.

ದೊಡ್ಡವರಿಗೆ ಸೆರಂಗೂನ್ ರಸ್ತೆಯಲ್ಲಿ 1947ರ ಕೋಮಲ ವಿಲಾಸ್ ಇದೆ, ನಮ್ಮ ಎಂಟಿಆರ್ ಶಾಖೆಯೂ ಅದೇ ರಸ್ತೆಯಲ್ಲಿದೆ.

ಬೆಂಗಳೂರಿನ ಭದ್ರತಾ ತಪಾಸಣೆಯಲ್ಲಿ ದ್ರವಕ್ಕೆ 100 ಮಿ.ಲೀ. ಮಿತಿ ಇದ್ದರೂ ಮಗುವಿನ ಆಹಾರಕ್ಕೆ ಪ್ರಯಾಣಕ್ಕೆ ಬೇಕಾದಷ್ಟು ಬಿಡುತ್ತಾರೆ, ಪ್ರತ್ಯೇಕ ಚೀಲದಲ್ಲಿ ಮೇಲೇ ಇಟ್ಟಿರಿ. ವಾಪಸ್ ಬರುವಾಗ ನೆನಪಿಡಿ: ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದ 1, 2, 3ನೇ ಟರ್ಮಿನಲ್‌ಗಳಲ್ಲಿ ತಪಾಸಣೆ ನಡೆಯೋದು ಗೇಟಿನ ಬಾಗಿಲಲ್ಲೇ. ಒಳಗೆ ತುಂಬಿಸಿಕೊಂಡ ನೀರನ್ನು ಅಲ್ಲಿ ಚೆಲ್ಲಬೇಕಾಗುತ್ತೆ.

ಪುಂಗೋಲ್_ಕನ್ನಡತಿ

ಸುತ್ತಾಟದ ಬಗ್ಗೆ ಹೇಳೋದು ಬಿಟ್ಟಿದ್ದೆ. ಐದು ದಿನಕ್ಕೆ ಮಕ್ಕಳನ್ನು ಇಲ್ಲಿನ ಗಡಿಯಾರಕ್ಕೆ ಒಗ್ಗಿಸೋಕೆ ಹೋಗಬೇಡಿ. ಊರಲ್ಲಿ 7ಕ್ಕೆ ಏಳೋರು ಇಲ್ಲಿ ಒಂಬತ್ತೂವರೆಗೆ ಏಳಲಿ, ರಾತ್ರಿ 9ಕ್ಕೆ ಮಲಗೋರು ಇಲ್ಲಿ ಹನ್ನೊಂದೂವರೆಗೆ ಮಲಗಲಿ. ಇದರಿಂದ ಲಾಭವೇ ಜಾಸ್ತಿ. ನೈಟ್ ಸಫಾರಿ ಬಾಗಿಲು ತೆರೆಯೋದು ಸಂಜೆ 7:15ಕ್ಕೆ, ನಿಮ್ಮ ಮಕ್ಕಳಿಗೆ ಅದು 4:45, ನಿದ್ದೆ ಮುಗಿಸಿ ಚುರುಕಾಗಿರೋ ಹೊತ್ತು. ಗಾರ್ಡನ್ಸ್ ಬೈ ದ ಬೇಯಲ್ಲಿ ದೀಪದ ಆಟ 7:45 ಮತ್ತು 8:45ಕ್ಕೆ, ಉಚಿತ, ಅದಕ್ಕೂ ನಿದ್ದೆಗೆಡಬೇಕಿಲ್ಲ.

ಏಪ್ರಿಲ್‌ನಲ್ಲಿ ಮಧ್ಯಾಹ್ನ ಗುಡುಗು ಮಳೆ ಸಾಮಾನ್ಯ. ಮಿಂಚಿನ ಎಚ್ಚರಿಕೆ ಬಂದರೆ ನೀರಾಟ, ಈಜುಕೊಳ ಎಲ್ಲ ಖಾಲಿ ಮಾಡಿಸುತ್ತಾರೆ. ನೀರಾಟವನ್ನು ಊಟಕ್ಕೆ ಮುಂಚೆ ಇಟ್ಟುಕೊಂಡು, ಮಧ್ಯಾಹ್ನ ರೂಮಿನಲ್ಲಿ ಮಲಗಿಸಿ. ಈ ವಯಸ್ಸಿನವರಿಗೆ ಮಂಡಾಯ್ ಮೃಗಾಲಯದ ಕಿಡ್ಸ್‌ವರ್ಲ್ಡ್, ಗಾರ್ಡನ್ಸ್ ಬೈ ದ ಬೇಯ ಚಿಲ್ಡ್ರನ್ಸ್ ಗಾರ್ಡನ್ ಎರಡರಲ್ಲೂ ನೀರಿದೆ, ಎರಡನೆಯದಕ್ಕೆ ಟಿಕೆಟ್ಟೂ ಇಲ್ಲ. ಸಾದಾ ಡೈಪರ್ ನೀರು ಹೀರಿ ಊದಿಕೊಳ್ಳುತ್ತೆ, ಈಜಿನ ಡೈಪರ್ ಬೇರೆ ತನ್ನಿ. ಮಂಡಾಯ್‌ನಲ್ಲಿ 3 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಅತ್ತೆಯವರಿಗೆ ಒಳಗೆ ಟ್ರ್ಯಾಮ್ ಇದೆ.

ಯೂನಿವರ್ಸಲ್ ನನ್ನ ಮಟ್ಟಿಗೆ ಬೇಡ. ಮಮ್ಮಿ ರೈಡಿಗೆ 122 ಸೆಂ.ಮೀ., ಬ್ಯಾಟಲ್‌ಸ್ಟಾರ್ ರೋಲರ್‌ಕೋಸ್ಟರಿಗೆ 125 ಎತ್ತರ ಬೇಕು. ಮಗಳಿಗೆ 4 ತುಂಬಿದೆ ಅಂತ ಟಿಕೆಟ್ ಕೇಳುತ್ತಾರೆ, ಎತ್ತರ ಸಾಲದು ಅಂತ ಹತ್ತಿಸಲ್ಲ.

ಟಿಕೆಟ್_ರಾಯರು

ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಇದೆ ಮೇಡಂ. ದೊಡ್ಡ ರೈಡ್ ಇಲ್ಲದಿದ್ದರೂ ಗೊಂಬೆ ವೇಷದವರು, ಬೀದಿ ಪ್ರದರ್ಶನ ನೋಡೋಕೆ 4 ವರ್ಷದವರು ಕುಣಿದಾಡುತ್ತಾರೆ. ತೊಂದರೆ ಇರೋದು 15 ತಿಂಗಳವನಿಗೆ ಮತ್ತು ಮಂಡಿನೋವಿನವರಿಗೆ. ಅಪ್ಪ-ಮಗಳು ಇಬ್ಬರೇ ಹೋಗಿ, ಉಳಿದವರು ಸೆಂತೋಸಾದ ಸಮುದ್ರತೀರದಲ್ಲಿದ್ದರೆ ಟಿಕೆಟ್ ಎರಡಕ್ಕೇ ಮುಗಿಯುತ್ತೆ. ದ್ವೀಪದೊಳಗಿನ ಟ್ರ್ಯಾಮ್, ಬಸ್ಸು ಉಚಿತ.

ಕುವೆಂಪುನಗರ_ಅಮ್ಮ

ತುಂಬಾ ಥ್ಯಾಂಕ್ಸ್. ಗಸಗಸೆ ವಿಷಯ ಕೇಳಿ ಅತ್ತೆ ಡಬ್ಬಿ ಇಳಿಸಿ ಕೂತಿದ್ದಾರೆ! ಇನ್ನೊಂದೇ ಪ್ರಶ್ನೆ. ವಿಮಾನದಲ್ಲಿ ಮಗ ಮಲಗಲಿ ಅಂತ ಶೀತದ ಸಿರಪ್ ಕೊಡಿ ಅಂತ ಕೆಲವರು ಹೇಳ್ತಿದ್ದಾರೆ, ಕೊಡಬಹುದಾ?

ದಾವಣಗೆರೆ_ಬೆಣ್ಣೆ

ಬೇಡ. ನಿದ್ದೆ ಬರಿಸೋ ಶೀತದ ಸಿರಪ್ ಕೆಲವು ಮಕ್ಕಳಲ್ಲಿ ಉಲ್ಟಾ ಹೊಡೆದು ಇನ್ನಷ್ಟು ಕೆರಳಿಸುತ್ತೆ, ಈ ವಯಸ್ಸಿಗೆ ಅದು ಸುರಕ್ಷಿತವೂ ಅಲ್ಲ. ಅಳು ಹೆಚ್ಚಾಗೋದು ಇಳಿಯುವಾಗ, ಕಿವಿಯ ಒತ್ತಡಕ್ಕೆ. ನೆಲ ಮುಟ್ಟೋ ಅರ್ಧ ಗಂಟೆ ಮುಂಚೆಯೇ ವಿಮಾನ ಇಳಿಯತೊಡಗುತ್ತೆ, ಆಗ ಎಬ್ಬಿಸಿ ಎದೆಹಾಲೋ ಬಾಟಲಿಯೋ ಕೊಡಿ. ನುಂಗಿದಾಗಲೇ ಕಿವಿ ಬಿಡೋದು, ಮಲಗಿದ್ದಾಗ ಮಕ್ಕಳು ನುಂಗೋದು ಕಮ್ಮಿ.

ಜ್ವರಕ್ಕೆ ಪ್ಯಾರಸಿಟಮಾಲ್ ಇರಲಿ, ಆದರೆ ಬಾಟಲಿ ಮೇಲಿನ ಶಕ್ತಿ ಓದಿ. 5 ಮಿ.ಲೀ.ಗೆ 120 ಮಿ.ಗ್ರಾಂ. ಇರೋದೂ ಬರುತ್ತೆ, 250 ಇರೋದೂ ಬರುತ್ತೆ. ಇಬ್ಬರಿಗೂ ತೂಕಕ್ಕೆ ತಕ್ಕ ಅಳತೆಯನ್ನು ಮಕ್ಕಳ ಡಾಕ್ಟರ ಹತ್ತಿರ ಮಿ.ಲೀ. ಲೆಕ್ಕದಲ್ಲೇ ಬರೆಸಿಕೊಂಡು ಬಾಟಲಿಗೆ ಅಂಟಿಸಿ. ಒಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, ಅಂದಾಜಿನಲ್ಲಿ ಲೋಟಕ್ಕೆ ಸುರಿಯಬೇಡಿ. ಲೋಟದ ಲೆಕ್ಕ ಬೇಕಾದರೆ 200 ಮಿ.ಲೀ.ಯ ಚಿಕ್ಕ ಪೊಟ್ಟಣವನ್ನೇ ಕೊಳ್ಳಿ. ಔಷಧಿಯೆಲ್ಲ ಕೈಚೀಲದಲ್ಲಿ, ಚೀಟಿ ಸಮೇತ. ಅಲ್ಲಿ ಆಂಬುಲೆನ್ಸ್ ನಂಬರು 995.