ಮೇಲಿನ ಮನೆಯ ಬಾತ್‌ರೂಮ್ ಸೋರುತ್ತಿದೆ, ಒಡೆಸಲೇಬೇಕಾ? ಸಹಾಯ ಬೇಕು

ನಮಸ್ಕಾರ. ಮೈಸೂರಿನಲ್ಲಿ ನಮ್ಮದು 22 ವರ್ಷದ ಹಳೇ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಅವರ ಬಾತ್‌ರೂಮಿನ ನೀರು ನಮ್ಮ ಅಡುಗೆಮನೆಯ ತಾರಸಿಯಿಂದ ಹನಿಯುತ್ತಿದೆ. ಸರಿಯಾಗಿ ಒಲೆಯ ಮೇಲೇ!

ದಸರಾ ರಜೆಗೆ ಅವರು ಊರಿಗೆ ಹೋದಾಗ ನಾಲ್ಕು ದಿನ ಹನಿ ನಿಂತಿತ್ತು. ಟ್ಯಾಂಕಿನಿಂದ ಬರುವ ಪೈಪ್ ಒಡೆದಿದ್ದರೆ ಆಗಲೂ ಸೋರಬೇಕಿತ್ತು, ಅಲ್ವಾ? ಹಾಗಾಗಿ ಟೈಲ್ಸ್ ಸಂದಿ ಅಥವಾ ನೀರು ಹೋಗುವ ಟ್ರ್ಯಾಪ್ ಮೇಲೆ ನನಗೆ ಅನುಮಾನ. ಒಬ್ಬ ಮೇಸ್ತ್ರಿ ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್ (ನೀರು ಇಳಿಯದಂತೆ ಗಟ್ಟಿಯಾಗುವ ಅಂಟಿನಂಥ ಪೇಸ್ಟ್) ತುಂಬಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ನೆಲ ಪೂರ್ತಿ ಒಡೆದು ವಾಟರ್‌ಪ್ರೂಫಿಂಗ್ ಮಾಡಿಸಿ ಎನ್ನುತ್ತಾರೆ. ಮೇಲೆ ಇರುವುದು ಒಂದೇ ಬಾತ್‌ರೂಮ್, ಅವರಿಗೆ ಚಿಕ್ಕ ಮಗು ಬೇರೆ.

11 ತಿಂಗಳ ಕರಾರಿನಲ್ಲಿ 'ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು' ಎಂದಿದೆ. ಅಡ್ವಾನ್ಸ್‌ನಲ್ಲಿ ಹಿಡಿದುಕೋ ಎಂದು ಅಣ್ಣ ಹೇಳುತ್ತಾನೆ. ನನಗೆ ಮನಸ್ಸಿಲ್ಲ. ಇದು ಮನೆಯ ದೋಷ, ಅವರದ್ದಲ್ಲ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹೇಗೂ ಮುರಿದುಕೊಳ್ಳುತ್ತೇವೆ.

ಒಡೆಯದೆ ಗ್ರೌಟ್ ಮಾತ್ರ ಮಾಡಿಸಿದವರು ಇದ್ದೀರಾ? ಎರಡು ಮಳೆಗಾಲವಾದರೂ ತಡೆಯಿತಾ? ಒಡೆಸಿದವರು ಎಷ್ಟು ದಿನ ಬಾತ್‌ರೂಮ್ ಬಳಸಲಿಲ್ಲ? ಆ ದಿನಗಳ ಬಾಡಿಗೆ ಬಿಟ್ಟಿರಾ?