ಹಳೇ ಟರ್ಬೊ ಕಾರು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ, ಎಲ್ಲಿಂದ ನೋಡಲಿ?

ಕೇಳಿದವರು: ದಾವಣಗೆರೆ, ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 20 ವರ್ಷ ಹಳೆಯ ಸ್ಪೋರ್ಟ್ಸ್ ಕಾರು ಇದೆ. 1.8 ಲೀಟರ್ ಪೆಟ್ರೋಲ್ ಟರ್ಬೊ. 1 ಲಕ್ಷ 30 ಸಾವಿರ ಕಿಲೋಮೀಟರ್ ಓಡಿದೆ. ಹೋದ ವರ್ಷದವರೆಗೆ ಊರೊಳಗೆ ಲೀಟರಿಗೆ 10 ಕೊಡುತ್ತಿತ್ತು. ಈಗ 7 ದಾಟುತ್ತಿಲ್ಲ. ಚೆಕ್ ಎಂಜಿನ್ ಲೈಟ್ ಬಂದಿಲ್ಲ, ಪಿಕಪ್ ಪರವಾಗಿಲ್ಲ. ಒಂದು ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸರ್, ಪ್ಲಗ್, ಇಂಜೆಕ್ಟರ್ ಎಲ್ಲ ಬದಲಿಸೋಣ ಎಂದು ದೊಡ್ಡ ಪಟ್ಟಿ ಕೊಟ್ಟಿದ್ದಾರೆ. ಅಷ್ಟು ದುಡ್ಡು ಹಾಕುವ ಮೊದಲು ನಿಮ್ಮ ಅನುಭವ ಕೇಳೋಣ ಅನ್ನಿಸಿತು.

ಉತ್ತರ: ದಾವಣಗೆರೆಯಿಂದ

ಅಣ್ಣ, ಆ ಪಟ್ಟಿ ಸದ್ಯ ಜೇಬಿನಲ್ಲೇ ಇರಲಿ. ನಾನೂ ಇದೇ 1.8 ಟರ್ಬೊ, 20 ವಾಲ್ವ್ ಎಂಜಿನ್ ಇರುವ ಕಾರನ್ನು 9 ವರ್ಷದಿಂದ ಇಟ್ಟುಕೊಂಡಿದ್ದೇನೆ. 3 ವರ್ಷದ ಹಿಂದೆ ನನ್ನದೂ ಹೀಗೇ ಆಗಿತ್ತು. ಪ್ಲಗ್ ಬದಲಿಸಿದೆ, ಏರ್ ಫಿಲ್ಟರ್ ಬದಲಿಸಿದೆ, ಇಂಜೆಕ್ಟರ್ ಕ್ಲೀನ್ ಮಾಡಿಸಿದೆ. ಲೀಟರಿಗೆ ಅರ್ಧ ಕಿಲೋಮೀಟರೂ ಏರಲಿಲ್ಲ. ಕೊನೆಗೆ ತಪ್ಪು ಸಿಕ್ಕಿದ್ದು ಹೆಬ್ಬೆರಳಿನಷ್ಟಿರುವ ಒಂದು ಸೆನ್ಸರಿನಲ್ಲಿ.

ನಡೆದದ್ದು ಹೀಗೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಸರಿಯಾಗಿ 90ರ ಮೇಲೆ ನಿಲ್ಲುತ್ತಿತ್ತು. ಹಾಗಾಗಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಕಡೆ ಯಾರೂ ನೋಡಲೇ ಇಲ್ಲ. ಒಂದು ಭಾನುವಾರ ಸ್ಕ್ಯಾನರ್ ಸಿಕ್ಕಿಸಿಕೊಂಡು ಹರಿಹರಕ್ಕೆ ಹೋಗಿ ಬಂದೆ. ಮುಳ್ಳು 90ರಲ್ಲೇ ಇದೆ. ಆದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಓದುತ್ತಿರುವುದು 34 ಡಿಗ್ರಿ! ನಮ್ಮ ಎಂಜಿನ್ನಿನ ಕೂಲಂಟ್ ಸೆನ್ಸರಿನ ಒಳಗೆ ಎರಡು ಸೆನ್ಸರ್ ಇರುತ್ತವೆ, ಅದಕ್ಕೇ 4 ಪಿನ್. ಒಂದು ಮೀಟರಿನ ಮುಳ್ಳಿಗೆ, ಇನ್ನೊಂದು ಇಸಿಯುಗೆ. ಮುಳ್ಳಿನದು ಚೆನ್ನಾಗಿತ್ತು, ಇಸಿಯು ನಂಬುವ ಸೆನ್ಸರ್ ಕೆಟ್ಟಿತ್ತು. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೊಡುವ ಹೆಚ್ಚುವರಿ ಪೆಟ್ರೋಲನ್ನು ಅದು ಮಟಮಟ ಮಧ್ಯಾಹ್ನವೂ ಕೊಡುತ್ತಿತ್ತು. ಲೈಟ್ ಯಾಕೆ ಬರಲಿಲ್ಲ ಅಂತೀರಾ? 34 ಡಿಗ್ರಿ ಅನ್ನುವುದು ಇಸಿಯುಗೆ ನಂಬುವಂಥ ಅಂಕಿಯೇ. ವೈರ್ ತುಂಡಾಗಿ ಮೈನಸ್ 40 ತೋರಿಸಿದ್ದರೆ ಲೈಟ್ ಬರುತ್ತಿತ್ತು. ಸೆನ್ಸರ್ ಬದಲಿಸಿದ ಮೇಲೆ ನನ್ನ ಕಾರು 8ರಿಂದ ಮತ್ತೆ 10ಕ್ಕೆ ಬಂತು.

ಹಾಗಾಗಿ ಮೊದಲು ಕಾರಿಗೆ ಸಿಕ್ಕಿಸಿ ಇಸಿಯು ಅಂಕಿಗಳನ್ನು ಓದುವ ಒಂದು ಬ್ಲೂಟೂತ್ ಓಬಿಡಿ ಡೊಂಗಲ್ ತಗೊಳ್ಳಿ, ಫೋನಿನಲ್ಲೇ ಎಲ್ಲ ಕಾಣುತ್ತದೆ. ರಾತ್ರಿಯೆಲ್ಲ ನಿಂತ ಕಾರಿಗೆ ಬೆಳಗ್ಗೆ ಇಗ್ನಿಷನ್ ಮಾತ್ರ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕೂಲಂಟ್ ಬಿಸಿ, ಒಳಗೆ ಹೋಗುವ ಗಾಳಿಯ ಬಿಸಿ, ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಆಮೇಲೆ ಓಡಿಸಿ. 10-15 ನಿಮಿಷದಲ್ಲಿ ಕೂಲಂಟ್ 80 ದಾಟಿ, ಅಲ್ಲೇ ಮೇಲೆ ನಿಲ್ಲಬೇಕು.

ಇನ್ನೊಂದು ನೋಡಬೇಕಾದ್ದು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್. ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು ಹಾಕುತ್ತಿದೆ, ಎಷ್ಟು ಕಡಿಮೆ ಮಾಡುತ್ತಿದೆ ಅನ್ನುವ ಶೇಕಡಾವಾರು ಅಂಕಿ ಅದು. ಪ್ಲಸ್ 5, ಮೈನಸ್ 5ರ ಒಳಗಿದ್ದರೆ ಚಿಂತೆ ಬೇಡ. 10 ದಾಟಿದರೆ ಬಿಡಬೇಡಿ. ಐಡ್ಲಿಂಗಿನಲ್ಲಿ ಪ್ಲಸ್ ಜಾಸ್ತಿ ಇದ್ದು, 2500 ಆರ್‌ಪಿಎಂಗೆ ಏರಿಸಿದರೆ ಇಳಿಯುತ್ತಿದೆ ಎಂದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಬರುತ್ತಿದೆ. ಇಷ್ಟು ಹಳೇ ಕಾರಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನ ಬ್ರೀದರ್ ಪೈಪುಗಳು (ಎಂಜಿನ್ ಒಳಗಿನ ಹೊಗೆ ಸಾಗಿಸುವವು) ಮುಟ್ಟಿದರೆ ಪುಡಿ ಆಗುತ್ತವೆ. ತದ್ವಿರುದ್ಧವಾಗಿ, ರೇಸ್ ಮಾಡಿದಷ್ಟೂ ಪ್ಲಸ್ ಏರಿದರೆ ಒಳಗೆ ಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಕೊಳೆಯಾಗಿರಬಹುದು, ಇಲ್ಲವೇ ಪೆಟ್ರೋಲ್ ಪಂಪ್ ಸೋತಿರಬಹುದು. ಎಣ್ಣೆ ಸವರುವ ಬಟ್ಟೆ ಫಿಲ್ಟರ್ ಹಾಕಿಸಿದ್ದೀರಾ? ಹಾಕಿಸಿದ್ದರೆ ಆ ಎಣ್ಣೆ ಸೆನ್ಸರಿಗೆ ಅಂಟುತ್ತದೆ. ಅದಕ್ಕೆಂದೇ ಬರುವ ಸ್ಪ್ರೇಯಲ್ಲೇ ತೊಳೆಯಿರಿ, ಕಾರ್ಬ್ಯುರೇಟರ್ ಕ್ಲೀನರ್ ಮುಟ್ಟಿಸಬೇಡಿ.

ಮೈನಸ್ ಬಂದರೆ ಪೆಟ್ರೋಲ್ ಜಾಸ್ತಿ ಬೀಳುತ್ತಿದೆ ಎಂದರ್ಥ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿರಬಹುದು. ಪೆಟ್ರೋಲ್ ಒತ್ತಡ ಹದದಲ್ಲಿಡುವ ಪ್ರೆಶರ್ ರೆಗ್ಯುಲೇಟರಿನ ಸಣ್ಣ ವ್ಯಾಕ್ಯೂಮ್ ಪೈಪ್ ಬಿಚ್ಚಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರಿನ ಒಳಗಿನ ಪದರ ಹರಿದಿದೆ. ಟರ್ಬೊ ಒತ್ತಿದ ಗಾಳಿ ಎಂಜಿನ್ನಿಗೆ ಹೋಗುವ ಪೈಪ್ ಬಿರುಕು ಬಿಟ್ಟರೂ ಹೀಗಾಗುತ್ತದೆ. ಏರ್ ಫ್ಲೋ ಸೆನ್ಸರ್ ಅಳೆದ ಗಾಳಿ ದಾರಿಯಲ್ಲೇ ಹೊರಗೆ ಹೋಗುತ್ತದೆ, ಅದರ ಲೆಕ್ಕದ ಪೆಟ್ರೋಲ್ ಮಾತ್ರ ತಪ್ಪದೆ ಬೀಳುತ್ತದೆ. ಸೈಲೆನ್ಸರ್ ಬಾಯಲ್ಲಿ ಕಪ್ಪು ಮಸಿ ಕೂರುತ್ತದೆ.

ಉತ್ತರ: ಚಿತ್ರದುರ್ಗದಿಂದ

ಮೇಲಿನವರ ಕಾರಿನಲ್ಲಿ ಸೆನ್ಸರ್ ಸುಳ್ಳು ಹೇಳುತ್ತಿತ್ತು. ನನ್ನ ಕಾರಿನಲ್ಲಿ ಅದು ನಿಜವನ್ನೇ ಹೇಳುತ್ತಿತ್ತು, ಎಂಜಿನ್ನೇ ಬಿಸಿ ಆಗುತ್ತಿರಲಿಲ್ಲ. ಹಿಂದಿನ ಮಾಲೀಕರು ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆ ಎಂದು, ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನೇ ತೆಗೆಸಿಬಿಟ್ಟಿದ್ದರು. ಊರೊಳಗೆ 85 ಇರುತ್ತಿತ್ತು, ಹೈವೇ ಹತ್ತಿದ ಕೂಡಲೇ 65ಕ್ಕೆ ಇಳಿಯುತ್ತಿತ್ತು. "ನಮ್ಮದು ಬಿಸಿಲೂರು, ಥರ್ಮೋಸ್ಟಾಟ್ ಯಾಕೆ" ಎಂದು ಹೇಳುವ ಮೇಸ್ತ್ರಿಗಳು ಈಗಲೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ಬಿಸಿ ಆದ ಮೇಲೆ ಅದು ತಾನೇ ತೆರೆದುಕೊಳ್ಳುತ್ತದೆ, ಅಡ್ಡ ನಿಲ್ಲುವುದಿಲ್ಲ. ನನ್ನ ಕಾರು ಕಾಯುತ್ತಿದ್ದದ್ದು ರೇಡಿಯೇಟರ್ ಫ್ಯಾನಿನ ರಿಲೇ ಕೆಟ್ಟು.

ಮೈಲೇಜ್ ಅಳೆಯುವುದರ ಬಗ್ಗೆಯೂ ಹೇಳಲೇಬೇಕು. ಒಂದೇ ಬಂಕ್, ಒಂದೇ ಪಂಪ್, ತಾನೇ ಕಟ್ ಆಗುವವರೆಗೆ ಫುಲ್ ಟ್ಯಾಂಕ್. ಕನಿಷ್ಠ ಎರಡು ಸಲ ಹೀಗೆ ಅಳೆಯಿರಿ. ಹೆದ್ದಾರಿ 48ರಲ್ಲಿ ಅಳೆಯುವುದಾದರೆ ಹೋಗಿ ಬರುವ ಎರಡೂ ಕಡೆ ಸೇರಿಸಿ. ದಾವಣಗೆರೆಯಿಂದ ನಮ್ಮೂರಿಗೆ ಬರುವಾಗ ಒಟ್ಟಾರೆ ಏರು. ವಾಪಸ್ ಹೋಗುವಾಗ ಇಳಿಜಾರು. ಆದರೆ ಆಷಾಢದಲ್ಲಿ ಪಡುವಣ ಗಾಳಿ ದಾರಿಯ ನಡುವಿನ ಭರಮಸಾಗರ ದಾಟುವವರೆಗೂ ಎದುರಿಗೆ ಹೊಡೆಯುತ್ತದೆ. ನಮ್ಮ ಗುಡ್ಡಗಳ ಮೇಲೆ ಅಷ್ಟು ಗಾಳಿ ವಿದ್ಯುತ್ ಫ್ಯಾನುಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ನೀವು 80ರಲ್ಲಿ ಹೋಗುತ್ತಿದ್ದು ಎದುರುಗಾಳಿ 20 ಇದ್ದರೆ, ಗಾಳಿಯ ತಡೆ 100ರಲ್ಲಿ ಹೋದಷ್ಟೇ. ಅಂದರೆ ಸುಮಾರು ಒಂದೂವರೆ ಪಟ್ಟು. ನಾನು ಮೊದಲ ಸಲ ಬರೀ ಒಂದು ಕಡೆಯ ಲೆಕ್ಕ ಇಟ್ಟುಕೊಂಡು ಎರಡು ತಿಂಗಳು ತಪ್ಪು ಕಡೆ ಹುಡುಕಿದೆ.

ಉತ್ತರ: ದಾವಣಗೆರೆ, ಪಿ.ಬಿ. ರಸ್ತೆ

ತಮ್ಮಾ, ನಾನು ಟೈರ್ ಕೆಲಸದವನು. ಎಂಜಿನ್ ಬಿಡು, ಮೊದಲು ಚಕ್ರ ನೋಡು. ರೋಡ್ ಹಂಪಿಗೆ ತಳ ತಾಗುತ್ತದೆ ಎಂದು ಈ ಥರದ ಕಾರಿನವರು ನಮ್ಮಲ್ಲಿಗೆ ಬಂದು ದಪ್ಪ ಟೈರ್ ಕೇಳುತ್ತಾರೆ. 205/55 ಆರ್16 ಇದ್ದ ಕಡೆ 215/60 ಆರ್16 ಹಾಕಿಸುತ್ತಾರೆ. ಆ ಟೈರಿನ ಎತ್ತರ ಸುಮಾರು 5% ಜಾಸ್ತಿ. ಕಾರು ನಿಜವಾಗಿ 100 ಕಿಲೋಮೀಟರ್ ಓಡಿದರೆ ಮೀಟರ್ 95 ಎನ್ನುತ್ತದೆ. ಮೈಲೇಜ್ ಲೆಕ್ಕ ಅಲ್ಲೇ ತಪ್ಪಿತು. ಜತೆಗೆ ಟೈರ್ ಭಾರವೂ ಜಾಸ್ತಿ. ಫೋನಿನ ಜಿಪಿಎಸ್ ಹಾಕಿಕೊಂಡು ಮೀಟರ್ ಜತೆ ಹೋಲಿಸು.

ಆಮೇಲೆ ಬ್ರೇಕ್. 15 ಕಿಲೋಮೀಟರ್ ಆದಷ್ಟು ಬ್ರೇಕ್ ಒತ್ತದೆ ಓಡಿಸಿ ನಿಲ್ಲಿಸು. ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿ, ಡಿಸ್ಕ್ ಮುಟ್ಟಬೇಡ. ಒಂದು ಚಕ್ರ ಮಾತ್ರ ಕುದಿಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಹ್ಯಾಂಡ್‌ಬ್ರೇಕ್ ಹಿಂದಿನ ಕ್ಯಾಲಿಪರಿನಲ್ಲೇ (ಡಿಸ್ಕನ್ನು ಹಿಡಿಯುವ ಭಾಗ) ಇರುವ ಕಾರುಗಳಲ್ಲಿ ಅದರ ತೋಳು ತುಕ್ಕು ಹಿಡಿದು ಪೂರ್ತಿ ವಾಪಸ್ ಬರುವುದಿಲ್ಲ. ವಾರಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವವರಿಗೆ ಇದು ಬೇಗ ಬರುತ್ತದೆ.

ಉತ್ತರ: ದಾವಣಗೆರೆಯಿಂದ, ಮೊದಲು ಬರೆದವರು

ಒಂದು ಮಾತು ಬಿಟ್ಟುಹೋಗಿತ್ತು, ಎಥನಾಲ್. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಲೆಕ್ಕ ಹಾಕಿದರೆ 6ರಿಂದ 7% ಹೋಗುತ್ತದೆ. 10 ಇದ್ದದ್ದು 9.3 ಆಗಬಹುದು, 7 ಆಗುವುದಿಲ್ಲ. ಯಾರಾದರೂ "ಎಲ್ಲಾ ಎಥನಾಲ್ ಕಾಟ" ಎಂದು ಕೈ ತೊಳೆದುಕೊಂಡರೆ ಈ ಅಂಕಿ ಹೇಳಿ. ಪೆಟ್ರೋಲ್ ಹೋಗುವ ಹಳೇ ರಬ್ಬರ್ ಪೈಪುಗಳನ್ನು ಮಾತ್ರ ತಪ್ಪದೇ ನೋಡಿಸಿ. ಎಥನಾಲಿಗೆ ಅವು ಬೇಗ ಹಾಳಾಗುತ್ತವೆ, ಸೋರಿದರೆ ಬೆಂಕಿಯ ಭಯ.

ಕೇಳಿದವರು: ದಾವಣಗೆರೆ, ವಿದ್ಯಾನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೊಂಗಲ್ ತಂದೆ. ಬೆಳಗ್ಗೆ ಕೂಲಂಟ್ 24, ಗಾಳಿ 24. ಓಡಿಸಿದ ಮೇಲೆ 88ಕ್ಕೆ ಹೋಗಿ ಅಲ್ಲೇ ನಿಂತಿತು. ಫ್ಯುಯೆಲ್ ಟ್ರಿಮ್ ಐಡ್ಲಿಂಗಿನಲ್ಲಿ ಪ್ಲಸ್ 3, ರೇಸ್ ಮಾಡಿದರೂ ಅಷ್ಟೇ. ಅಂದರೆ ಎಂಜಿನ್ ಕಡೆ ಸದ್ಯ ಏನೂ ಕಾಣುತ್ತಿಲ್ಲ. ಆ ಪಟ್ಟಿಯಲ್ಲಿದ್ದ ಒಂದು ಸಾಮಾನನ್ನೂ ತರಿಸಿಲ್ಲ.

ಟೈರ್ ಅಣ್ಣ, ನೀವು ಹೇಳಿದ್ದು ಎರಡೂ ನಿಜ. 8 ತಿಂಗಳ ಹಿಂದೆ 215/60 ಹಾಕಿಸಿದ್ದೆ, ಹಂಪ್ ಕಾರಣಕ್ಕೇ. ಜಿಪಿಎಸ್ 40 ತೋರಿಸಿದಾಗ ಮೀಟರ್ 38 ತೋರಿಸಿತು. ಹರಿಹರದ ತನಕ ಹೋಗಿ ನಿಲ್ಲಿಸಿ ನೋಡಿದರೆ ಎಡಗಡೆ ಹಿಂದಿನ ಚಕ್ರದ ಹತ್ತಿರ ಕೈ ಇಡಲು ಆಗಲಿಲ್ಲ. ಬಲಗಡೆಯದು ಸ್ವಲ್ಪ ಬೆಚ್ಚಗಿತ್ತು, ಅಷ್ಟೇ. ಜಾಕ್ ಹಾಕಿ ಎತ್ತಿದರೆ ಎಡಚಕ್ರ ಕೈಯಲ್ಲಿ ಅರ್ಧ ಸುತ್ತೂ ತಿರುಗಲಿಲ್ಲ. ಮಳೆಗಾಲದಲ್ಲಿ ಒಂದೂವರೆ ತಿಂಗಳು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದೆ.

ನಾಳೆ ಕ್ಯಾಲಿಪರ್ ಬಿಚ್ಚಿಸುತ್ತಿದ್ದೇನೆ. ಆಮೇಲೆ ಅದೇ ಬಂಕಿನಲ್ಲಿ ಎರಡು ಫುಲ್ ಟ್ಯಾಂಕ್ ಹಾಕಿಸಿ, ಮೀಟರಿಗೆ 5% ಸೇರಿಸಿ, ಬಂದ ಅಂಕಿಯನ್ನು ಇಲ್ಲೇ ಬರೆಯುತ್ತೇನೆ.