ಸಹಾಯ ಬೇಕು: ಚೀನೀ ಹೊಸ ವರ್ಷದ ಹೊತ್ತಿಗೆ ಅಮ್ಮನ ಜೊತೆ ಪೆನಾಂಗ್

ನಮಸ್ಕಾರ. ಮಲೇಷ್ಯಾದಲ್ಲಿರುವ ಕನ್ನಡದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ಚೀನೀ ಹೊಸ ವರ್ಷದ ಸಮಯಕ್ಕೆ ಅಮ್ಮನನ್ನು ಪೆನಾಂಗ್‌ನ ಜಾರ್ಜ್ ಟೌನ್ ನಗರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಗೆ ಮಂಡಿನೋವು, ಜಾಸ್ತಿ ನಡೆಯೋಕೆ ಆಗಲ್ಲ.

ಅರ್ಮೇನಿಯನ್ ರಸ್ತೆಯಲ್ಲಿ ಒಂದು ನಿಜವಾದ ಸೈಕಲ್ಲನ್ನೇ ಗೋಡೆಗೆ ಸೇರಿಸಿ, ಅದರ ಮೇಲೆ ಇಬ್ಬರು ಮಕ್ಕಳು ಕೂತ ಹಾಗೆ ಚಿತ್ರ ಬರೆದಿದ್ದಾರಲ್ಲ, 2012ರಲ್ಲಿ ಲಿಥುವೇನಿಯಾದ ಅರ್ನೆಸ್ಟ್ ಜಕರೆವಿಚ್ ಬರೆದದ್ದು, ಅದನ್ನು ನೋಡಲೇಬೇಕು. ಫೋಟೋಗೆ ಕ್ಯೂ ಇರುತ್ತದೆ ಅಂತಾರೆ. ಬೆಳಿಗ್ಗೆ ಎಷ್ಟು ಗಂಟೆಗೆ ಹೋದರೆ ಆರಾಮ? ಆ ರಸ್ತೆಯಲ್ಲಿ ಸುಮ್ನೆ ಕೂರೋಕೆ ಜಾಗ ಇದೆಯಾ?

ಇನ್ನೊಂದು, ನಿಜ ಹೇಳಬೇಕೆಂದರೆ ಇದೇ ಮುಖ್ಯ. ಹಬ್ಬದ ಎಂಟನೇ ದಿನ ರಾತ್ರಿ ಚ್ಯೂ ಜೆಟ್ಟಿ (ಸಮುದ್ರದ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆಗಳ ಕೇರಿ) ಹತ್ತಿರ ಹೊಕ್ಕಿಯೆನ್ ಜನ, ಅಂದರೆ ಚೀನಾದ ಫುಜಿಯಾನ್ ಕಡೆಯಿಂದ ಬಂದವರ ಸಮುದಾಯ, ಉದ್ದಕ್ಕೆ ಮೇಜು ಹಾಕಿ, ಹಣ್ಣು, ತಿಂಡಿ, ಜೋಡಿ ಕಬ್ಬು ಇಟ್ಟು ಜೇಡ್ ಚಕ್ರವರ್ತಿ ಅನ್ನೋ ದೇವರಿಗೆ ಪೂಜೆ ಮಾಡುತ್ತಾರೆ. ಅವರ ಹಿರಿಯರು ಹಿಂದೆ ಕಬ್ಬಿನ ಗದ್ದೆಯಲ್ಲಿ ಅಡಗಿ ಜೀವ ಉಳಿಸಿಕೊಂಡರಂತೆ, ಅದಕ್ಕೇ ಕಬ್ಬು. ಇದನ್ನು ಹೇಳಿದ್ದೇ ತಡ, "ನಮ್ಮ ಸಂಕ್ರಾಂತಿ ತರಾನೇ ಅಲ್ವಾ" ಅಂತ ಅಮ್ಮ ಹೊರಟು ನಿಂತಿದ್ದಾರೆ! ಹೊರಗಿನವರು ಹತ್ತಿರ ನಿಂತು ನೋಡಬಹುದಾ? ಫೋಟೋ ತೆಗೆದರೆ ಬೇಜಾರು ಮಾಡಿಕೊಳ್ಳುತ್ತಾರಾ? ಮಧ್ಯರಾತ್ರಿ ವಾಪಸ್ ಬರೋಕೆ ಟ್ಯಾಕ್ಸಿ ಸಿಗುತ್ತದಾ, ಇಲ್ಲ ರಸ್ತೆ ಮುಚ್ಚಿರುತ್ತಾರಾ?

ಪಟಾಕಿ ಹೊಗೆ ಅಮ್ಮನಿಗೆ ಆಗಲ್ಲ, ಅದನ್ನೂ ಗಮನದಲ್ಲಿ ಇಟ್ಟುಕೊಂಡು ಹೇಳಿ. ಊಟದ ಚಿಂತೆ ಇಲ್ಲ, ಲಿಟಲ್ ಇಂಡಿಯಾ ಪಕ್ಕದಲ್ಲೇ ಇದೆ. ಹೋಗಿ ಬಂದವರು ಇಲ್ಲೇ ಕಾಮೆಂಟ್ ಹಾಕಿ, ಮುಂಚಿತವಾಗಿ ಥ್ಯಾಂಕ್ಸ್.